ಕಾರಟಗಿ ರಸ್ತೆಯಲ್ಲಿ ಬಿದ್ದ ಇಬ್ಬರು: ಮೈಮೇಲೆ ಏನಿತ್ತು, ಏನಿರಲಿಲ್ಲ

ಈ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ. ಪೇಪರಿನಲ್ಲಿ ಸುದ್ದಿಯೂ ಆಗಲಿಲ್ಲ. ಗಂಗಾವತಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಬೈಕಿಂದ ಬಿದ್ದು ಬರುವವರಲ್ಲಿ ಹೆಚ್ಚಿನವರು ಹೀಗೆಯೇ. ಬದುಕಿ ಬಂದಿರುತ್ತಾರೆ, ಆದರೆ ಮೊದಲಿನ ಹಾಗೆ ಇರುವುದಿಲ್ಲ. ಇದನ್ನೇ ಬರೆಯಲು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಗಂಡ ಹೆಂಡತಿ ಇಬ್ಬರೂ ಒಂದೇ ಗಾಡಿಯಿಂದ, ಒಂದೇ ಜಾಗದಲ್ಲಿ, ಒಂದೇ ವೇಗದಲ್ಲಿ ಬಿದ್ದರು. ಇಬ್ಬರ ಮೈಮೇಲೆ ಇದ್ದದ್ದು ಮಾತ್ರ ಬೇರೆ ಬೇರೆ. ಹಾಗಾಗಿ ಯಾವ ಜಾಗದಲ್ಲಿ ಏನು ಹಾಕಿಕೊಂಡಿದ್ದರು, ಆ ಜಾಗಕ್ಕೆ ಏನಾಯಿತು ಅಂತ ಎದುರುಬದುರು ಇಟ್ಟು ನೋಡಬಹುದು. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕೆಲಸ ಮಾಡುವ ಜಾಗದ ಹೆಸರು ಬಿಟ್ಟಿದ್ದೇನೆ.

ಗಂಡನಿಗೆ ಮೂವತ್ತರ ಆಸುಪಾಸು. ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯುವ ಕೆಲಸ. ದಿನಾ ಬೈಕಿನಲ್ಲೇ ಓಡಾಟ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವತ್ತು ಸಂಬಂಧಿಕರ ಮನೆಯ ಕಾರ್ಯಕ್ರಮ ಮುಗಿಸಿ ಇಬ್ಬರೂ ವಾಪಸ್ ಬರುತ್ತಿದ್ದರು. ಮಗು ಅಜ್ಜಿ ಮನೆಯಲ್ಲಿತ್ತು. ಮುಂಗಾರಿ ಭತ್ತದ ಕೊಯ್ಲಿನ ಕಾಲ, ಹೊತ್ತು ಮುಳುಗುವ ಸಮಯ.

ಈ ಭಾಗದವರಿಗೆ ಮುಂದಿನದು ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವೆಲ್ಲ ಒಂದೇ ಸಲ ಕೊಯ್ಲಿಗೆ ಬರುತ್ತದೆ. ಮಷಿನ್ನಿನಲ್ಲಿ ಕೊಯ್ದ ಭತ್ತ ಹಸಿಯಾಗಿರುತ್ತದೆ. ಬೆಂಬಲ ಬೆಲೆಗೆ ಕೊಡಬೇಕಾದರೆ ತೇವಾಂಶ ಶೇಕಡಾ 17 ದಾಟುವ ಹಾಗಿಲ್ಲ, ವ್ಯಾಪಾರಿಯೂ ಹಸಿ ಭತ್ತಕ್ಕೆ ದರ ಕಡಿಮೆ ಮಾಡುತ್ತಾನೆ. ಒಣಗಿಸಲು ಕಣ ಎಲ್ಲಿದೆ? ಇರುವ ಜಾಗವೆಲ್ಲ ಗದ್ದೆಯಾಗಿದೆ. ಡಾಂಬರು ರಸ್ತೆ ಚೆನ್ನಾಗಿ ಕಾದಿರುತ್ತದೆ. ಹಾಗಾಗಿ ರಸ್ತೆಯ ಒಂದು ಬದಿಗೆ ಭತ್ತ ಹರವುತ್ತಾರೆ, ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲು ಇಡುತ್ತಾರೆ. ಸಂಜೆ ಭತ್ತ ಬಳಿದುಕೊಂಡು ಹೋದರೂ ಒಂದಿಷ್ಟು ಕಾಳು, ಒಂದೆರಡು ಕಲ್ಲು ಉಳಿದಿರುತ್ತವೆ. ರೈತನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಬೇರೆ ದಾರಿ ಕೊಟ್ಟಿಲ್ಲ. ಆದರೆ ಭತ್ತದ ಕಾಳು ಗಟ್ಟಿ, ಟೈರಿನ ಕೆಳಗೆ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಾಕಿದರೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ.

ಎದುರಿಗೆ ಟ್ರ್ಯಾಕ್ಟರ್ ಬಂತು. ಇವರು ಎಡಕ್ಕೆ ಸರಿದರು. ಅಲ್ಲಿ ಕಲ್ಲು ಕಂಡು ಮುಂದಿನ ಬ್ರೇಕ್ ಒತ್ತಿದರು. ಚಕ್ರ ಕಾಳಿನ ಮೇಲಿತ್ತು. ವೇಗ ನಲವತ್ತರ ಹತ್ತಿರ ಇತ್ತು ಅನ್ನುತ್ತಾರೆ, ನಾನೂ ಅದನ್ನು ನಂಬುತ್ತೇನೆ. ಗಾಯಗಳು ಅಷ್ಟೇ ವೇಗವನ್ನು ಹೇಳುತ್ತಿದ್ದವು. ಗಾಡಿ ಎಡಕ್ಕೆ ಮಲಗಿತು. ಅವರು ಮುಂದಕ್ಕೆ ಹೋಗಿ ಅಂಗೈ ಊರಿ, ಮುಖ ಅಡಿಯಾಗಿ ಬಿದ್ದು ಸ್ವಲ್ಪ ದೂರ ಉಜ್ಜಿಕೊಂಡು ಹೋದರು. ಎಡಗಾಲು ಗಾಡಿ ಕೆಳಗೆ ಸಿಕ್ಕಿತ್ತು. ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದ ಹೆಂಡತಿ ಹಿಂದಕ್ಕೆ, ತಲೆಯ ಹಿಂಭಾಗ ತಾಗಿ ಬಿದ್ದರು.

ತಲೆ

ಗಂಡನ ತಲೆಯಲ್ಲಿ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ ಇತ್ತು. ಪಟ್ಟಿ ಬಿಗಿದಿತ್ತು. ಆ ಹೆಲ್ಮೆಟ್ಟನ್ನು ಆಮೇಲೆ ತರಿಸಿಕೊಂಡು ನೋಡಿದೆ. ಗದ್ದದ ಭಾಗದ ಬಣ್ಣ ಪೂರ್ತಿ ಕೆರೆದು ಹೋಗಿ, ಕೆಳಗಿನ ಪ್ಲಾಸ್ಟಿಕ್ ಕೂಡ ಸವೆದಿತ್ತು. ಅದೇ ಜಾಗದಲ್ಲಿ ಅವರ ದವಡೆ ಇರುತ್ತಿತ್ತು. ಮುಖಕ್ಕೆ ಒಂದು ಗೀರೂ ಬಿದ್ದಿಲ್ಲ, ಹಲ್ಲು ಅಲುಗಿಲ್ಲ, ಪ್ರಜ್ಞೆ ತಪ್ಪಿಲ್ಲ. ಗದ್ದ ಮುಚ್ಚದ ಅರ್ಧ ಹೆಲ್ಮೆಟ್ ಇದ್ದಿದ್ದರೆ ತಲೆ ಉಳಿಯುತ್ತಿತ್ತೇನೋ, ದವಡೆ ಉಳಿಯುತ್ತಿರಲಿಲ್ಲ.

ಹೆಂಡತಿಯ ತಲೆಯಲ್ಲೂ ಒಂದು ವಸ್ತು ಇತ್ತು. ರಸ್ತೆ ಬದಿ ಮಾರುವ, ಪೊಲೀಸರಿಗೆ ತೋರಿಸಲಿಕ್ಕೆ ಅಂತಲೇ ತೆಗೆದುಕೊಳ್ಳುವ ತೆಳು ಪ್ಲಾಸ್ಟಿಕ್ ಕ್ಯಾಪ್. ಒಳಗೆ ಬರೀ ಮೆತ್ತನೆ ಸ್ಪಂಜು. ತಲೆಯಲ್ಲಿ ಹೂ ಮುಡಿದಿದ್ದರು, ತುರುಬು ಎತ್ತರಕ್ಕೆ ಕಟ್ಟಿದ್ದರು. ಕ್ಯಾಪ್ ಕೆಳಗೆ ಇಳಿದು ಕೂರಲೇ ಇಲ್ಲ, ಪಟ್ಟಿಯನ್ನೂ ಹಾಕಿರಲಿಲ್ಲ. ಬೀಳುವ ಮೊದಲೇ ಅದು ಹಾರಿ ಹೋಗಿತ್ತು.

ಇಲ್ಲಿ ಸ್ವಲ್ಪ ನಿಂತು ಹೆಲ್ಮೆಟ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು, ಯಾಕೆಂದರೆ ಹೊರಗಿನ ಗಟ್ಟಿ ಚಿಪ್ಪೇ ತಲೆ ಕಾಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಚಿಪ್ಪಿನ ಕೆಲಸ ಏಟನ್ನು ಹರಡುವುದು, ಚೂಪಾದದ್ದು ಒಳಗೆ ನುಗ್ಗದ ಹಾಗೆ ತಡೆಯುವುದು. ನಿಜವಾದ ಕೆಲಸ ಒಳಗಿನ ಒತ್ತಾದ ಥರ್ಮೋಕೋಲ್ ಪದರದ್ದು. ಅದು ಜಜ್ಜಿಹೋಗುತ್ತಾ ತಲೆಯನ್ನು ಒಮ್ಮೆಲೇ ನಿಲ್ಲಿಸದೆ, ಕೆಲವು ಮಿಲಿಸೆಕೆಂಡ್ ಜಾಸ್ತಿ ಸಮಯ ಕೊಟ್ಟು ನಿಲ್ಲಿಸುತ್ತದೆ. ಮೆದುಳಿಗೆ ಬೇಕಾದದ್ದು ಆ ಸಮಯ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಒಂದು ಸಲ ಬಿದ್ದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಬಿಸಾಡಬೇಕು. ಸ್ಪಂಜು ಇದಾವುದನ್ನೂ ಮಾಡುವುದಿಲ್ಲ. ಬೆರಳಲ್ಲಿ ಒತ್ತಿದರೆ ತಳ ಮುಟ್ಟುವ ವಸ್ತು ಏಟಿಗೆ ಏನು ಎದುರು ನಿಂತೀತು?

ನಿಧಾನಕ್ಕೆ ಹೋಗುತ್ತೇವೆ ಅನ್ನುವವರಿಗೂ ಒಂದು ಲೆಕ್ಕ ಇದೆ. ಒಂದೂವರೆ ಮೀಟರ್ ಎತ್ತರದಿಂದ ತಲೆ ಸುಮ್ನೆ ನೆಲಕ್ಕೆ ಬಿದ್ದರೂ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್ ಆಗಿರುತ್ತದೆ. ಗಾಡಿ ನಿಂತಿದ್ದರೂ ಅಷ್ಟೇ. ತಲೆಗೆ ಮುಖ್ಯವಾಗುವುದು ಹೆಚ್ಚಾಗಿ ಈ ಬೀಳುವ ವೇಗ.

ಇದು ಹೊಸ ವಿಷಯವೇನಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ, 'ಲಾರೆನ್ಸ್ ಆಫ್ ಅರೇಬಿಯಾ' ಅಂತಲೇ ಹೆಸರಾಗಿದ್ದ ಟಿ. ಇ. ಲಾರೆನ್ಸ್ ಬೈಕಿಂದ ಬಿದ್ದು ತಲೆಯ ಪೆಟ್ಟಿನಿಂದ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಆಮೇಲೆ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಆಗಿನಿಂದ ಇವತ್ತಿನವರೆಗೆ ಉತ್ತರ ಬದಲಾಗಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಪೆಟ್ಟಿನ ಅಪಾಯವನ್ನು ಸುಮಾರು 69 ಶೇಕಡಾ ಕಡಿಮೆ ಮಾಡುತ್ತದೆ. ನಮ್ಮ ದೇಶದಲ್ಲಿ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಅದರಲ್ಲಿ 14,337 ಜನ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರಸ್ತೆಗಳಲ್ಲಿ ಒಂದು ಗಂಟೆ ನಿಂತು ನೋಡಿ, ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಎಷ್ಟು ಕಾಣುತ್ತದೆ ಅಂತ.

ಹೆಂಡತಿಗೆ ಕೆಲವು ನಿಮಿಷ ಪ್ರಜ್ಞೆ ಇರಲಿಲ್ಲ. ಎರಡು ಸಲ ವಾಂತಿಯಾಯಿತು. ಗಂಗಾವತಿಯಲ್ಲಿ ಮೊದಲ ಚಿಕಿತ್ಸೆ ಆಗಿ, ಅಲ್ಲಿಂದ ಬಳ್ಳಾರಿಗೆ ಕರೆದುಕೊಂಡು ಹೋದರು. ಸ್ಕ್ಯಾನಿನಲ್ಲಿ ಮೆದುಳಿನ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಏಟು ಬಿದ್ದದ್ದು ಹಿಂದೆ, ಗಾಯವಾದದ್ದು ಮುಂದೆ. ತಲೆಬುರುಡೆ ನಿಂತ ಮೇಲೂ ಒಳಗೆ ಮೆದುಳು ಚಲಿಸಿ ಎದುರು ಗೋಡೆಗೆ ತಾಗುವುದರಿಂದ ಹೀಗಾಗುತ್ತದೆ. ಆಪರೇಷನ್ ಬೇಕಾಗಲಿಲ್ಲ. ಐಸಿಯುನಲ್ಲಿ ಇಟ್ಟು ನೋಡಿ ಮನೆಗೆ ಕಳಿಸಿದರು. ಎಲ್ಲರೂ ದೇವರು ದೊಡ್ಡವನು ಅಂದರು.

ನನ್ನ ಹತ್ತಿರ ಬಂದದ್ದು ಆಮೇಲೆ. ಮಂಚದಲ್ಲಿ ಮಗ್ಗುಲು ಬದಲಿಸಿದರೆ ಮನೆ ತಿರುಗಿದ ಹಾಗೆ ಆಗುತ್ತಿತ್ತು. ತಲೆಪೆಟ್ಟಿನ ನಂತರ ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿದರೆ ಈ ತಲೆಸುತ್ತು ಬರುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ಮತ್ತೆ ಜಾಗಕ್ಕೆ ತರಬಹುದು. ಅದು ಬೇಗ ಸರಿಹೋಯಿತು. ಸರಿಹೋಗದೆ ಉಳಿದದ್ದು ಬೇರೆ ಇತ್ತು. ಒಂದು ದಿನ ಅವರ ಅತ್ತೆ ಹೇಳಿದರು: "ಹಾಲು ಸೀದು ಕರಿ ಆದ್ರೂ ಇಕಿಗೆ ಗೊತ್ತಾಗಲ್ರೀ, ಪಕ್ಕದಾಗೇ ಕುಂತಿರ್ತಾಳ." ಪರೀಕ್ಷಿಸಿದೆ. ಲವಂಗ ಗೊತ್ತಾಗಲಿಲ್ಲ, ಕಾಫಿ ಪುಡಿ ಗೊತ್ತಾಗಲಿಲ್ಲ. ಮೂಗಿನ ಮೇಲೆ, ಮೆದುಳಿನ ತಳದಲ್ಲಿ, ಸಣ್ಣ ತೂತುಗಳಿರುವ ತೆಳು ಎಲುಬು ಇದೆ. ವಾಸನೆಯ ನರದ ಎಳೆಗಳು ಆ ತೂತುಗಳ ಮೂಲಕ ಹಾದು ಹೋಗುತ್ತವೆ. ಮೆದುಳು ಒಮ್ಮೆಲೇ ಅಲುಗಿದಾಗ ಆ ಎಳೆಗಳು ಹರಿದು ಹೋಗಬಹುದು. ಹಿಂದಕ್ಕೆ ಬಿದ್ದವರಲ್ಲಿ ಇದು ಕಾಣಿಸುವುದು ಹೆಚ್ಚು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆ ಎರಡು ಸಲ ಮೂಸುವ ಅಭ್ಯಾಸ ಕೊಡುತ್ತಾರೆ, ತಿಂಗಳುಗಟ್ಟಲೆ. ಕೆಲವರಿಗೆ ಸ್ವಲ್ಪ ವಾಪಸ್ ಬರುತ್ತದೆ. ಇವರಿಗೆ ನಿಂಬೆ ಒಂದು ಸಣ್ಣಗೆ ಬಂದಿದೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ, ಹೆಲ್ಮೆಟ್ ವಿಷಯ ಬಂದಾಗ ನಾವು ಬದುಕು ಸಾವು ಎರಡೇ ಲೆಕ್ಕ ಹಾಕುತ್ತೇವೆ. ನಡುವೆ ಇಂಥದ್ದೆಲ್ಲ ಇದೆ. ಗ್ಯಾಸ್ ಸೋರಿದರೆ ಗೊತ್ತಾಗದೆ ಅಡುಗೆ ಮಾಡಬೇಕಾದ ಒಬ್ಬ ತಾಯಿ ಇದ್ದಾರೆ. ಮಗುವಿನ ತಲೆಗೆ ಎಣ್ಣೆ ಹಚ್ಚಿದ ವಾಸನೆ ಅವರಿಗೆ ಇಲ್ಲ.

ಕೈ

ಗಂಡನದು ತಲೆ ಉಳಿಯಿತು, ಸರಿ. ಕೈಯಲ್ಲಿ ಏನೂ ಇರಲಿಲ್ಲ. ಬೀಳುವ ಮನುಷ್ಯ ಕೈ ಊರಿಯೇ ಊರುತ್ತಾನೆ, ಅದನ್ನು ಯಾರೂ ತಡೆಯಲಾಗದು. ಬರೀ ಅಂಗೈ ಡಾಂಬರಿಗೆ ತಾಗಿದರೆ ಚರ್ಮ ಹಿಡಿದು ನಿಲ್ಲುತ್ತದೆ, ಮೈ ಮುಂದೆ ಹೋಗುತ್ತಿರುತ್ತದೆ. ಆಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಬಲ ಅಂಗೈ ಚರ್ಮ ಕಿತ್ತು ಒಳಗಿನ ಕೊಬ್ಬು ಕಾಣುತ್ತಿತ್ತು. ಎಲ್ಲರ ಗಮನ ಅದರ ಮೇಲೇ ಹೋಯಿತು. ಮೊದಲ ಎಕ್ಸ್‌ರೇಯಲ್ಲಿ ಎಲುಬು ಸರಿಯಾಗಿದೆ ಅಂತ ಕಂಡಿತು.

ಹುಣ್ಣು ಮಾಗುತ್ತಾ ಬಂದರೂ ಹೆಬ್ಬೆರಳಿನ ಬುಡದ ನೋವು ಹೋಗಲಿಲ್ಲ. ಹೆಬ್ಬೆರಳು ಎತ್ತಿದಾಗ ಮಣಿಕಟ್ಟಿನ ಪಕ್ಕ ಒಂದು ತಗ್ಗು ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ಹಾರಿ ಬೀಳುತ್ತಿದ್ದರು. ಮತ್ತೆ ಎಕ್ಸ್‌ರೇ ಮಾಡಿಸಿದಾಗ ಸ್ಕ್ಯಾಫಾಯ್ಡ್ ಎಂಬ ಸಣ್ಣ ಎಲುಬು ಸೀಳಿದ್ದು ಗೊತ್ತಾಯಿತು. ಇದು ಮೊದಲ ಚಿತ್ರದಲ್ಲಿ ಕಾಣದೇ ಇರುವುದು ಸಾಮಾನ್ಯ, ಅದರಲ್ಲಿ ಯಾರ ತಪ್ಪೂ ಇಲ್ಲ. ಬೈಕಿಂದ ಕೈ ಊರಿ ಬಿದ್ದವರು ಆ ತಗ್ಗಿನಲ್ಲಿ ನೋವಿದ್ದರೆ ಎಕ್ಸ್‌ರೇ ಸರಿ ಇದೆ ಅಂತ ಬಿಡಬಾರದು, ಹತ್ತು ಹದಿನೈದು ದಿನಕ್ಕೆ ಮತ್ತೆ ತೋರಿಸಬೇಕು. ಈ ಎಲುಬಿಗೆ ರಕ್ತ ಬರುವುದು ಹೆಚ್ಚಾಗಿ ಒಂದೇ ತುದಿಯಿಂದ. ಮುರಿದರೆ ಇನ್ನೊಂದು ತುಂಡಿಗೆ ರಕ್ತ ಸಾಲದೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಮೂರು ತಿಂಗಳು ಪ್ಲಾಸ್ಟರ್ ಆಯಿತು. ಬರೆಯುವ ಕೈ ಅದು. ಮಿಲ್ಲಿಗೆ ಸೀಸನ್ನಿನ ಹೊತ್ತು ಅದು. ಸಂಬಳ ನಿಂತಿತು. ರಸ್ತೆ ಅಪಘಾತದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ, ಒಳ್ಳೆಯದೇ. ನಿಂತ ಸಂಬಳವನ್ನು ಅದು ತುಂಬುವುದಿಲ್ಲ.

ಗ್ಲೋವ್ಸ್ ಇದ್ದಿದ್ದರೆ? ಒಳ್ಳೆಯ ರೈಡಿಂಗ್ ಗ್ಲೋವ್ಸಿನ ಅಂಗೈ ಬುಡದಲ್ಲಿ ಜಾರುವ ಗಟ್ಟಿ ತುಂಡು ಇರುತ್ತದೆ. ಕೈ ಹಿಡಿದು ನಿಲ್ಲದೆ ಜಾರಲಿ ಅಂತಲೇ ಅದನ್ನು ಇಡುತ್ತಾರೆ. ಎಲುಬು ಖಂಡಿತ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಚರ್ಮ ಉಳಿಯುತ್ತಿತ್ತು ಅಂತ ಧೈರ್ಯವಾಗಿ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಪಘಾತಕ್ಕೆ ಸಿಕ್ಕ 212 ಸವಾರರನ್ನು ನೋಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೈಡಿಂಗ್ ಗ್ಲೋವ್ಸ್ ಹಾಕಿದ್ದವರು ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಹಾಕದವರ ಅರ್ಧಕ್ಕಿಂತ ಕಡಿಮೆ ಇತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ: ಸುಮಾರು ಕಾಲು ಭಾಗ ಗ್ಲೋವ್ಸ್ ಬಿದ್ದಾಗ ಹರಿದೋ ಬಿಚ್ಚಿಯೋ ಕೈಕೊಟ್ಟವು. ಹೊಲಿಗೆ ನೋಡಿ, ಮಣಿಕಟ್ಟಿನ ಪಟ್ಟಿ ಬಿಗಿಯಾಗಿದೆಯಾ ಅಂತ ಎಳೆದು ನೋಡಿ ಕೊಳ್ಳಬೇಕು.

ಕಾಲು

ಚಪ್ಪಲಿ. ಇದರ ಬಗ್ಗೆ ನನಗೆ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ಬಿದ್ದ ಕ್ಷಣಕ್ಕೆ ಚಪ್ಪಲಿ ಕಾಲಲ್ಲಿ ಇರುವುದೇ ಇಲ್ಲ. ಗಂಡನ ಎಡ ಪಾದದ ಹೊರ ಕೀಲು ಗಾಡಿಗೂ ರಸ್ತೆಗೂ ನಡುವೆ ಉಜ್ಜಿತು. ಅಲ್ಲಿ ಮಾಂಸ ಇಲ್ಲ, ಚರ್ಮದ ಕೆಳಗೆ ನೇರ ಎಲುಬು. ತೊಡೆಯಿಂದ ಚರ್ಮ ತೆಗೆದು ಹಾಕಬೇಕಾಯಿತು. ಇಡೀ ಅಪಘಾತದಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾಗಿದ್ದ ಗಾಯ ಇದು. ಮೇಲೆ ಹೇಳಿದ ಅಧ್ಯಯನದಲ್ಲೇ ರೈಡಿಂಗ್ ಬೂಟ್ ಅಲ್ಲದ ಸಾಧಾರಣ ಬೂಟ್ ಹಾಕಿದ್ದವರಿಗೂ ಬರೀ ಶೂ ಹಾಕಿದ್ದವರಿಗಿಂತ ಪಾದದ ಗಾಯದ ಅಪಾಯ ಅರ್ಧಕ್ಕೆ ಇಳಿದಿತ್ತು. ಕೀಲು ಮುಚ್ಚುವ ಸೇಫ್ಟಿ ಶೂ ನಮ್ಮ ಕಡೆ ಎಲ್ಲ ಊರಲ್ಲೂ ಸಿಗುತ್ತದೆ. ತೋರಣಗಲ್ಲು, ಕುಡಿತಿನಿ, ಶಕ್ತಿನಗರ, ಹಟ್ಟಿಯ ಕಾರ್ಖಾನೆ, ವಿದ್ಯುತ್ ಸ್ಥಾವರ, ಗಣಿಗಳ ಕೆಲಸಗಾರರು ದಿನಾ ಅದನ್ನೇ ಹಾಕುತ್ತಾರೆ. ಅವರಲ್ಲಿ ಕೆಲವರು ಅದನ್ನು ಗೇಟಿನ ಹತ್ತಿರ ಬದಲಾಯಿಸಿ, ಚಪ್ಪಲಿಯಲ್ಲಿ ಮನೆಗೆ ಹೊರಡುತ್ತಾರೆ. ಇನ್ನು ಕೆಲವರು ಕಾರ್ಖಾನೆಯ ಹಳದಿ ಹೆಲ್ಮೆಟ್ಟನ್ನೇ ಬೈಕಿಗೂ ಹಾಕುತ್ತಾರೆ. ಅದು ಮೇಲಿಂದ ಬೀಳುವ ವಸ್ತುವಿಗೆ ಮಾಡಿದ್ದು, ಅದರ ಮಾನದಂಡವೇ ಬೇರೆ, ಐಎಸ್ 2925. ಬೈಕಿನದು ಐಎಸ್ 4151. ರಸ್ತೆಗೆ ಬೀಳುವ ತಲೆಯನ್ನು ಕಾರ್ಖಾನೆಯ ಹೆಲ್ಮೆಟ್ ಕಾಯುವುದಿಲ್ಲ.

ಉಳಿದ ಗಾಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಜೀನ್ಸ್ ಮೊಣಕಾಲಿನ ಹತ್ತಿರ ಹರಿದು ಚರ್ಮ ಹೋಯಿತು, ಎಲುಬು ಸರಿಯಿತ್ತು. ಚಳಿಗೆ ಅಂತ ಹಾಕಿದ್ದ ದಪ್ಪ ಜರ್ಕಿನ್ ಮೊಣಕೈ ಚರ್ಮ ಉಳಿಸಿತು, ಒಳಗೆ ಮಾತ್ರ ಊದಿಕೊಂಡಿತ್ತು. ಹೆಂಡತಿಯ ಮೀನಖಂಡಕ್ಕೆ ಸೈಲೆನ್ಸರ್ ಸುಟ್ಟ ಗಾಯ, ಅದರ ಕಲೆ ಈಗಲೂ ಇದೆ. ಸೀರೆ ಚಕ್ರಕ್ಕೆ ಸಿಕ್ಕಿರಲಿಲ್ಲ. ಗಾಡಿಯ ಸೀರೆ ಗಾರ್ಡ್ ಬಿಚ್ಚಿರಲಿಲ್ಲ ಅನ್ನುವುದೇ ಅದಕ್ಕೆ ಕಾರಣ. ಅಂದಕ್ಕೆ ಅಂತ ಅದನ್ನು ಬಿಚ್ಚಿಸುವ ಹುಡುಗರಿಗೆ ಈ ಮಾತು.

ಬಿಸಿಲಿನ ಮಾತು

ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಯಾರಿಗೆ ಇದೆಲ್ಲ ಹೇಳಿದರೂ ಬರುವ ಉತ್ತರ ಒಂದೇ: "ಈ ಬಿಸಲಾಗ ಅದೆಲ್ಲ ಹಾಕ್ಕೊಳ್ಳಾಕ ಆಗ್ತೈತೇನ್ರೀ?" ನಾನು ಇದನ್ನು ನೆಪ ಅನ್ನುವುದಿಲ್ಲ. 40 ಡಿಗ್ರಿ ದಾಟುವ ಊರು ಇದು, ನಿಜವಾದ ಕಷ್ಟ. ಆದರೆ ಮೇ ತಿಂಗಳಲ್ಲಿ ಹೊಲಕ್ಕೆ ಹೋಗುವ ಹೆಂಗಸರನ್ನು ನೋಡಿ. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ. ಯಾರೂ ತೋಳು ಬಿಟ್ಟುಕೊಂಡು ಕೆಲಸ ಮಾಡುವುದಿಲ್ಲ. ಗಾಳಿಯೇ ಮೈಗಿಂತ ಬಿಸಿ ಇದ್ದಾಗ ಬರಿ ಚರ್ಮಕ್ಕೆ ಬಡಿಯುವ ಗಾಳಿ ಮೈಗೆ ಬಿಸಿಯನ್ನೂ ತರುತ್ತದೆ, ಬೆವರನ್ನು ಬೇಗ ಒಣಗಿಸುತ್ತದೆ. ಗಾಳಿಯಾಡುವ ಹೊದಿಕೆ ಇದ್ದರೆ ಬೆವರು ನಿಧಾನಕ್ಕೆ ಆರಿ ತಂಪಾಗುತ್ತದೆ. ಜಾಲರಿ ಬಟ್ಟೆಯ ರೈಡಿಂಗ್ ಜಾಕೆಟ್ ಹಾಗೇ ಕೆಲಸ ಮಾಡುತ್ತದೆ, ಒಳಗೆ ಒದ್ದೆ ಬನಿಯನ್ ಹಾಕಿದರೆ ಇನ್ನೂ ಒಳ್ಳೆಯದು. ಗಾಡಿ ನಿಲ್ಲಿಸಿದಾಗ ಸೆಕೆ ಆಗುತ್ತದೆ, ಅದು ಹೌದು.

ಜಾಕೆಟ್ ಕೊಳ್ಳುವಾಗ ಭುಜ, ಮೊಣಕೈಯಲ್ಲಿರುವ ಪ್ಯಾಡ್ ತೆಗೆದು ನೋಡಬೇಕು. ಅದರ ಮೇಲೆ ಇಎನ್ 1621-1 ಅಂತ, ಅಂದರೆ ಇಂಥ ಪ್ಯಾಡುಗಳಿಗಿರುವ ಯುರೋಪಿನ ಮಾನದಂಡದ ಗುರುತು, ಅಚ್ಚಾಗಿರಬೇಕು. ಅದರಲ್ಲಿ ಲೆವೆಲ್ 1 ಅಂದರೆ ನಿಗದಿತ ಏಟಿನಲ್ಲಿ ಸರಾಸರಿ 35 ಕಿಲೋನ್ಯೂಟನ್ನಿಗಿಂತ ಹೆಚ್ಚು ಬಲ ಒಳಗೆ ಹೋಗಬಾರದು, ಲೆವೆಲ್ 2 ಆದರೆ 20. ಎರಡರ ನಡುವಿನ ಅಂತರ ದೊಡ್ಡದು. ಬರೀ ಸ್ಪಂಜು ತುಂಬಿ ರೇಸಿಂಗ್ ಅಂತ ಬರೆದ ಜಾಕೆಟ್‌ಗಳೂ ಸಿಗುತ್ತವೆ, ಅವು ಬೇಡ.

ದುಡ್ಡಿನ ಪ್ರಶ್ನೆ ಅದಕ್ಕಿಂತ ದೊಡ್ಡದು. ಮಿಲ್ಲಿನ ಸಂಬಳದಲ್ಲಿ ಎಲ್ಲ ಒಮ್ಮೆಲೇ ಆಗದು. ಈ ದಂಪತಿಗೆ ನಾನು ಹೇಳಿದ್ದು ಹೀಗೆ. ಮೊದಲು ಇಬ್ಬರಿಗೂ ಫುಲ್ ಫೇಸ್ ಹೆಲ್ಮೆಟ್, ಒಂದೇ ದಿನ, ಒಂದೇ ಗುಣಮಟ್ಟದ್ದು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ, ಆದರೂ ರಸ್ತೆ ಬದಿ ಮಾರುತ್ತಾರೆ, ಅಲ್ಲಿ ಕೊಳ್ಳಬಾರದು. ಆಮೇಲೆ ಕೀಲು ಮುಚ್ಚುವ ಶೂ. ಮೂರನೆಯದು ಗ್ಲೋವ್ಸ್. ಮೊಣಕಾಲಿಗೆ ಪ್ಯಾಂಟಿನ ಮೇಲೆ ಕಟ್ಟುವ ಗಾರ್ಡ್ ಸಿಗುತ್ತದೆ, ಅದು ನಾಲ್ಕನೆಯದು. ಜಾಕೆಟ್ ಕೊನೆಗೆ, ದುಡ್ಡು ಕೂಡಿದಾಗ. ದೂರ ಸವಾರಿ ಮಾಡುವ ಹವ್ಯಾಸಿಗಳು ಈ ಕ್ರಮ ಒಪ್ಪಲಿಕ್ಕಿಲ್ಲ. ದಿನಾ ಮಿಲ್ಲಿಗೆ ಹೋಗಿ ಬರುವವನಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ನಾನು ನೋಡುವ ಗಾಯಗಳು ಈ ಕ್ರಮದಲ್ಲೇ ಸಂಸಾರ ನಿಲ್ಲಿಸುತ್ತವೆ.

ಹೆಂಡತಿಯ ಹೆಲ್ಮೆಟ್ ಕೊಳ್ಳಲು ಅವರನ್ನೇ ಕರೆದುಕೊಂಡು ಹೋಗಿ ಅಂದೆ. ಗಂಡ ತನ್ನ ಅಳತೆಯಲ್ಲಿ ತಂದರೆ ಆಗದು. ಪಟ್ಟಿ ಹಾಕಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ತಲೆ ಅಲ್ಲಾಡಿಸಿದರೆ ಕೆನ್ನೆ ಚರ್ಮವೂ ಜೊತೆಗೇ ಅಲುಗಬೇಕು. ತುರುಬು ಎತ್ತರಕ್ಕೆ ಇದ್ದರೆ ಯಾವ ಹೆಲ್ಮೆಟ್ಟೂ ಸರಿ ಕೂರುವುದಿಲ್ಲ, ಜಡೆಯನ್ನು ಕುತ್ತಿಗೆಯ ಹತ್ತಿರ ಕೆಳಗೆ ಹಾಕಬೇಕು, ಹೂವನ್ನು ಊರು ಮುಟ್ಟಿದ ಮೇಲೆ ಮುಡಿಯಬಹುದು. ಮಗುವಿಗೂ ಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಬೆಲ್ಟ್ ಎರಡೂ ಇರಬೇಕು, ವೇಗ 40 ದಾಟಬಾರದು. 2022ರಲ್ಲಿ ಹೊರಡಿಸಿದ ನಿಯಮ ಇದು.

ಈಗಿನ ಸ್ಥಿತಿ ಹೀಗಿದೆ. ಗಂಡನ ಮಣಿಕಟ್ಟು ಹಿಂದಕ್ಕೆ ಪೂರ್ತಿ ಮಡಚುವುದಿಲ್ಲ, ಮೂಟೆ ಎತ್ತುವಾಗ ನೋಯುತ್ತದೆ, ಬರೆಯಲು ತೊಂದರೆ ಇಲ್ಲ. ಕೆಲಸಕ್ಕೆ ವಾಪಸ್ ಹೋಗಿದ್ದಾರೆ. ಹೆಂಡತಿಗೆ ತಲೆಸುತ್ತು ಇಲ್ಲ, ಹೊಲಿಗೆ ಶುರು ಮಾಡಿದ್ದಾರೆ, ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿದ್ದಾರೆ. ಹೆಲ್ಮೆಟ್, ಶೂ ಇಬ್ಬರೂ ಬಿಡುವುದಿಲ್ಲ. ಗ್ಲೋವ್ಸ್ ಮಾತ್ರ ಬೇಸಿಗೆ ಬಂದ ಕೂಡಲೇ ಗಾಡಿಯ ಬಾಕ್ಸ್ ಸೇರಿತ್ತು, ಕೈ ಬೆವರಿ ಹಿಡಿತ ಸಿಗುವುದಿಲ್ಲ ಅಂದರು. ಮೇಲ್ಗಡೆ ಜಾಲರಿ, ಅಂಗೈಗೆ ಚರ್ಮ ಇರುವ ಇನ್ನೊಂದು ಜೊತೆ ತರಿಸಿ ಕೊಟ್ಟಿದ್ದೇನೆ. ಮುಂದಿನ ಸಲ ಬಂದಾಗ ಅದರ ಅಂಗೈ ಎಷ್ಟು ಸವೆದಿದೆ ಅಂತ ನೋಡುತ್ತೇನೆ.